ಇನ್ವರ್ಸ್ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಔಷಧದ ಪುಡಿ ತುಂಬಿದ ಕಾಲಮ್ (ತೆಳು ಕೊಳವೆ) ಅನ್ನು 100 ಡಿಗ್ರಿಯಲ್ಲಿ ಒಣಗಿಸಬೇಕಾ, 120ರಲ್ಲಾ? ಅದೇ ರನ್‌ನಲ್ಲಿ ಕರಗುವಿಕೆಯೂ ಸಿಗುತ್ತಾ?

ನನ್ನ ನೋಟ್‌ಬುಕ್‌ನಲ್ಲೂ ಇದೇ ಪ್ರಶ್ನೆ ಇತ್ತು. ಮುಂದೆ 100 ಅಂತ ಬರೆದುಕೊಂಡೆ. ಆ ಒಂದು ಅಂಕಿಯಿಂದ ಮೂರು ತಿಂಗಳ ಕೆಲಸ ಹೋಯಿತು.

ಆಗ ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೆ. ಕೈಯಲ್ಲಿದ್ದದ್ದು ಇಂಡೋಮೆಥಾಸಿನ್, ಕೀಲುನೋವಿಗೆ ಕೊಡುವ ಔಷಧ. ಎರಡು ಲಾಟ್. ಒಂದು ಬರೀ ಜರಡಿ ಹಿಡಿದದ್ದು. ಇನ್ನೊಂದು ಲಿಕ್ವಿಡ್ ನೈಟ್ರೋಜನ್ ತಂಪಿನಲ್ಲಿ ಅರೆದದ್ದು. ಅರೆದದ್ದು ಸ್ಪ್ಯಾಚುಲಾಗೆ ಅಂಟಿಕೊಂಡು ಬೀಳುತ್ತಲೇ ಇರಲಿಲ್ಲ. ಎರಡರ ಮೇಲ್ಮೈ ಶಕ್ತಿಯಲ್ಲಿ, ಅಂದರೆ ಮೇಲ್ಮೈ ಬೇರೆ ಅಣುಗಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದರಲ್ಲಿ, ಏನು ವ್ಯತ್ಯಾಸ ಅಂತ ಅಳೆಯಬೇಕಿತ್ತು.

ಮಾಮೂಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಕಾಲಮ್ ಗೊತ್ತಿರುತ್ತದೆ, ಒಳಗೆ ಬಿಟ್ಟದ್ದು ಏನು ಅಂತ ಹುಡುಕುತ್ತೇವೆ. ಇಲ್ಲಿ ಉಲ್ಟಾ ಅಲ್ವಾ, ನಮ್ಮ ಪುಡಿಯೇ ಕಾಲಮ್ ಒಳಗಿರುತ್ತದೆ. ಹೆಕ್ಸೇನ್, ಹೆಪ್ಟೇನ್, ಆಕ್ಟೇನ್, ನೋನೇನ್ ಆವಿಗಳನ್ನು ಒಂದೊಂದಾಗಿ, ಚೂರೇ ಚೂರು ಬಿಡುತ್ತೇವೆ. ಪುಡಿ ಬಿಗಿಯಾಗಿ ಹಿಡಿದಷ್ಟೂ ಅವು ತಡವಾಗಿ ಹೊರಬರುತ್ತವೆ. ಆ ತಡದಿಂದಲೇ ಲೆಕ್ಕ.

ನನಗಿದ್ದದ್ದು ತೇವದ ಭಯ. ಪುಡಿಯಲ್ಲಿ ತೇವ ಉಳಿದರೆ ಅದು ಬಿಗಿಯಾಗಿ ಹಿಡಿಯುವ ಜಾಗಗಳನ್ನೇ ಮೊದಲು ಮುಚ್ಚಿಬಿಡುತ್ತದೆ. ಆ ಭಯ ತಪ್ಪಲ್ಲ. ಅದಕ್ಕೇ ಹೀಲಿಯಂ ಹರಿಸುತ್ತಾ ರಾತ್ರಿಯಿಡೀ 100 ಡಿಗ್ರಿಯಲ್ಲಿ ಇಟ್ಟೆ, ಬೆಳಿಗ್ಗೆ 30ಕ್ಕೆ ಇಳಿಸಿ ಅಳೆದೆ. ಎರಡೂ ಲಾಟ್‌ಗೆ ಹತ್ತಿರ ಹತ್ತಿರ ಒಂದೇ ಅಂಕಿ. ಹೊಸ ಕಾಲಮ್ ತುಂಬಿದೆ. ಹೀಲಿಯಂ ಫ್ಲೋ ಬದಲಿಸಿದೆ. ಇಂಜೆಕ್ಷನ್ ಇನ್ನೂ ಕಡಿಮೆ ಮಾಡಿದೆ. 100 ಡಿಗ್ರಿಯನ್ನು ಮಾತ್ರ ಮುಟ್ಟಲಿಲ್ಲ.

ಒಂದು ಸಂಜೆ ಕಾಲಮ್ ಖಾಲಿ ಮಾಡುವಾಗ ಬಣ್ಣ ಕಣ್ಣಿಗೆ ಬಿತ್ತು. ತುಂಬುವಾಗ ಹಳದಿಯಾಗಿದ್ದ ಅರೆದ ಪುಡಿ ಬಿಳಚಿಕೊಂಡಿತ್ತು. ಅರೆಯುವಾಗ ಹರಳಿನ ಜೋಡಣೆ ಮುರಿದು ಅದು ಗಾಜಿನಂಥ ಸ್ಥಿತಿಗೆ ಬಂದಿತ್ತು. ಆ ಹಳದಿ ಅದರದ್ದೇ. ಇಂಡೋಮೆಥಾಸಿನ್‌ನ ಗ್ಲಾಸ್ ಟ್ರಾನ್ಸಿಷನ್, ಅಂದರೆ ಆ ಗಾಜಿನಂಥ ಸ್ಥಿತಿ ಮೆತ್ತಗಾಗಲು ಶುರುವಾಗುವ ತಾಪಮಾನ, ಸುಮಾರು 42 ಡಿಗ್ರಿ. ನಾನು ಇಟ್ಟದ್ದು ಅದಕ್ಕಿಂತ 58 ಡಿಗ್ರಿ ಮೇಲೆ. ಅಷ್ಟು ಶಾಖದಲ್ಲಿ ಅಣುಗಳಿಗೆ ಓಡಾಡಲು ಜಾಗ ಸಿಗುತ್ತದೆ, ಮತ್ತೆ ಹರಳಾಗಿ ಕೂರುತ್ತವೆ. ಹರಳಿನ ಜೋಡಣೆ ತೋರಿಸುವ ಎಕ್ಸ್‌-ರೇ ಪರೀಕ್ಷೆ ಎಕ್ಸ್‌ಆರ್‌ಡಿಯಲ್ಲಿ ನೋಡಿದೆ. ಬಾಟಲಿಯ ಪುಡಿಗೆ ಅಗಲವಾದ ಒಂದು ದಿಬ್ಬ, ಅಂದರೆ ಜೋಡಣೆ ಇಲ್ಲ. ಕಾಲಮ್‌ನ ಪುಡಿಗೆ ಸಾಲಾಗಿ ಚೂಪು ಪೀಕ್‌ಗಳು, ಅಂದರೆ ಹರಳು. ಅಳೆಯಬೇಕಿದ್ದ ವ್ಯತ್ಯಾಸವನ್ನು ಪ್ರತಿ ರಾತ್ರಿ ನಾನೇ ಅಳಿಸುತ್ತಿದ್ದೆ.

ಹಾಗಾಗಿ 100 ಅಥವಾ 120 ಅನ್ನುವ ಆಯ್ಕೆಯನ್ನೇ ನಾನು ಒಪ್ಪಲ್ಲ. ಮೊದಲು ಡಿಎಸ್‌ಸಿಯಲ್ಲಿ (ಪುಡಿಯನ್ನು ಬಿಸಿ ಮಾಡುತ್ತಾ ಅದು ಹೀರುವ ಶಾಖ ಅಳೆಯುವ ಉಪಕರಣ) ನಿಮ್ಮ ಪುಡಿಯ ಗ್ಲಾಸ್ ಟ್ರಾನ್ಸಿಷನ್ ನೋಡಿ, ಅದರ ಕೆಳಗೇ ಇರಿ. ನಾನು ಆಮೇಲೆ 30 ಡಿಗ್ರಿಯಲ್ಲೇ ಒಣ ಹೀಲಿಯಂ ಬಿಟ್ಟೆ. ಮಧ್ಯೆ ಮಧ್ಯೆ ಆಕ್ಟೇನ್ ಬಿಟ್ಟು ನೋಡುತ್ತಿದ್ದೆ. ಅದು ಹೊರಬರುವ ಸಮಯ ಬದಲಾಗದೆ ನಿಂತರೆ ಒಣಗಿದೆ ಅಂತ ಲೆಕ್ಕ. ಹಾಗಂತ ಸುಮ್ನೆ ಜಾಸ್ತಿ ಹೊತ್ತು ಬಿಡಬೇಡಿ. ಅರೆದ ಪುಡಿ ಅಷ್ಟು ಕೆಳಗೂ ನಿಧಾನವಾಗಿ ಹರಳಾಗುತ್ತದೆ.

ಇನ್ನು ಕರಗುವಿಕೆ. ನೀರಿನಲ್ಲಿ ಎಷ್ಟು ಗ್ರಾಂ ಕರಗುತ್ತದೆ ಅನ್ನುವುದು ಇದರಲ್ಲಿ ಸಿಗಲ್ಲ. ಸಿಗುವುದು ಸಾಲ್ಯುಬಿಲಿಟಿ ಪ್ಯಾರಾಮೀಟರ್, ಅಂದರೆ ಯಾವ ದ್ರಾವಕ, ಯಾವ ಪಾಲಿಮರ್ ಜೊತೆ ಹೊಂದುತ್ತದೆ ಅನ್ನುವ ಸುಳಿವು. ಇಲ್ಲೂ ಅದೇ ಗ್ಲಾಸ್ ಟ್ರಾನ್ಸಿಷನ್ ಬರುತ್ತದೆ. ಪಾಲಿಮರ್ ಅದರ ಕೆಳಗಿದ್ದಾಗ ಆವಿ ಬರೀ ಮೇಲ್ಮೈಯಲ್ಲಿ ಕೂರುತ್ತದೆ. ಮೇಲೆ ಹೋದರೆ ಒಳಗಿಳಿದು ಕರಗುತ್ತದೆ. ಸ್ಮಿಡ್ಸ್‌ರಾಡ್ ಮತ್ತು ಗಿಲೆಟ್ ಎಂಬ ಸಂಶೋಧಕರು 1969ರಲ್ಲಿ ಪಾಲಿಮರ್ ಕಾಲಮ್‌ನ ತಾಪಮಾನ ಬದಲಿಸುತ್ತಾ ಹೋಗಿ, ಆ ಜಾಗದಲ್ಲಿ ಗ್ರಾಫ್‌ನ ಗೆರೆ ದಿಕ್ಕು ಬದಲಿಸುವುದನ್ನು ತೋರಿಸಿದರು. ಮೇಲ್ಮೈಗೆ ಒಂದು ರನ್, ಸಾಲ್ಯುಬಿಲಿಟಿ ಪ್ಯಾರಾಮೀಟರ್‌ಗೆ ಇನ್ನೊಂದು. ಎರಡನ್ನೂ ಒಂದೇ ತಾಪಮಾನದಲ್ಲಿ ಕೇಳಬೇಡಿ.

ನಿಮ್ಮ ಕಾಲಮ್ ಇನ್ನೂ ಓವನ್‌ಗೆ ಹೋಗಿಲ್ಲದಿದ್ದರೆ ಒಂದು ಚಿಟಿಕೆ ಪುಡಿಯನ್ನು ಇವತ್ತೇ ತೆಗೆದು ಫ್ರಿಜ್‌ನಲ್ಲಿಡಿ. ರನ್ ಮುಗಿದ ಮೇಲೆ ಕಾಲಮ್‌ನ ಪುಡಿಯನ್ನು ಅದರ ಪಕ್ಕದಲ್ಲಿಟ್ಟು ಎಕ್ಸ್‌ಆರ್‌ಡಿ ಮಾಡಿಸಿ.