ಖಾತೆ ಆಮೇಲೆ, ಮೊದಲು ತೇರು ಎಳೀರಿ

ಪ್ರಶ್ನೆ: ಸುರಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಾನಿಗಳೊಬ್ಬರು ಏಳು ಕಂಪ್ಯೂಟರ್ ಕೊಟ್ಟಿದ್ದಾರೆ. ಏಳನೇ ತರಗತಿಯಲ್ಲಿ 34 ಮಕ್ಕಳಿದ್ದಾರೆ. ನೆಟ್ ಎಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ತರಬೇತಿಯಲ್ಲಿ, ಬಣ್ಣದ ಬ್ಲಾಕು ಜೋಡಿಸಿ ಕೋಡಿಂಗ್ ಮಾಡುವ ಸ್ಕ್ರ್ಯಾಚ್ ಕಲಿಸಿ ಎಂದರು. ಖಾತೆ ಮಾಡಿಸುವುದರಿಂದ ಹಿಡಿದು ಮೊದಲ ತಿಂಗಳು ಏನೇನು ಮಾಡಲಿ? ನನಗೇ ಕೋಡಿಂಗ್ ಬರುವುದಿಲ್ಲ.
— ಒಬ್ಬ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಸರ್, ‘ಖಾತೆ ಮಾಡಿಸುವುದರಿಂದ ಹಿಡಿದು’ ಎಂದು ಬರೆದಿದ್ದೀರಲ್ಲ, ನಾನು ಜಾರಿ ಬಿದ್ದದ್ದು ಅಲ್ಲೇ. ಕಲಬುರಗಿ ಊರಾಚೆಯ ನಮ್ಮ ಶಾಲೆಯಲ್ಲಿ ಮೊದಲ ದಿನ ಆರು ಕಂಪ್ಯೂಟರ್ ಮುಂದೆ 38 ಮಕ್ಕಳನ್ನು ಕೂಡಿಸಿ, ‘ಎಲ್ಲರೂ ನಿಮ್ಮ ನಿಮ್ಮ ಖಾತೆ ತೆರೀರಿ’ ಎಂದೆ. ನಲವತ್ತು ನಿಮಿಷದ ಪೀರಿಯಡ್ ಅದಕ್ಕೇ ಹೋಯಿತು. ಒಬ್ಬ ಹುಡುಗ ಬಳಕೆದಾರನ ಹೆಸರಿನ ಜಾಗದಲ್ಲಿ ಅಪ್ಪನ ಮೊಬೈಲ್ ನಂಬರು ಹಾಕಿದ. ಒಬ್ಬಳು ಪಾಸ್‌ವರ್ಡನ್ನು ಬೆಂಚಿನ ಮೇಲೆ ಕೈವಾರದಿಂದ ಕೆತ್ತಿದಳು, ಅದು ಈಗಲೂ ಇದೆ. ಸ್ಕ್ರ್ಯಾಚ್ ಪರದೆಯ ಬೆಕ್ಕು ಒಂದು ಹೆಜ್ಜೆಯೂ ಇಡಲಿಲ್ಲ.

ಸ್ಕ್ರ್ಯಾಚ್‌ನಲ್ಲಿ ಕೆಲಸ ಮಾಡಲು ಖಾತೆ ಬೇಕೇ ಇಲ್ಲ. ತಾಣಕ್ಕೆ ಹೋಗಿ ‘ಕ್ರಿಯೇಟ್’ ಒತ್ತಿದರೆ ಸಾಕು, ಬ್ಲಾಕುಗಳೂ ಬೆಕ್ಕೂ ಎದುರು ಬರುತ್ತವೆ. ನಿಮಗೆ ಅದಕ್ಕಿಂತ ಒಳ್ಳೆಯ ದಾರಿ ಎಂದರೆ ನೆಟ್ ಇಲ್ಲದೆ ಓಡುವ ಸ್ಕ್ರ್ಯಾಚ್ ಆ್ಯಪ್. ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಇದ್ದರೆ ಒಮ್ಮೆ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಏಳಕ್ಕೂ ಹಾಕಿ. ದಾನದ ಕಂಪ್ಯೂಟರುಗಳಲ್ಲಿ ವಿಂಡೋಸ್ 7 ಇರುವುದೂ ಉಂಟು. ಅಂಥವಕ್ಕೆ ಹಳೆಯ ಸ್ಕ್ರ್ಯಾಚ್ 1.4 ಹಾಕಬಹುದು. ಹಳೆಯದರಲ್ಲಿ ಮಾಡಿದ್ದನ್ನು ಹೊಸದು ತೆರೆಯುತ್ತದೆ, ಹೊಸದರಲ್ಲಿ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಶನಿವಾರ ಪೂರ್ತಿ ಕಳೆದಿದ್ದೇನೆ. ವಿಂಡೋಸ್ ಬದಲು ಉಬುಂಟು ಇದ್ದರೆ ಬ್ರೌಸರ್‌ನಲ್ಲೇ ಮಾಡಿಸಿ.

ಇನ್ನು 34 ಮಕ್ಕಳು, ಏಳು ಯಂತ್ರ. ಒಂದಕ್ಕೆ ಐವರನ್ನು ಕೂಡಿಸಿದರೆ ಒಬ್ಬ ಮೌಸ್ ಹಿಡಿಯುತ್ತಾನೆ, ನಾಲ್ವರು ಜಗಳಾಡುತ್ತಾರೆ. ಅರ್ಧ ತರಗತಿಯನ್ನು ಹೊರಗೆ ಕಳಿಸಿ. ನಿಮ್ಮ ಶಾಲೆಯ ಪಡಸಾಲೆಗೂ ಶಹಾಬಾದ್ ಕಲ್ಲೇ ಹಾಸಿರಬೇಕು. ನಮ್ಮ ಕಡೆ ಇದೊಂದು ಭಾಗ್ಯ. ಸ್ಕ್ರ್ಯಾಚ್‌ನ ರಂಗ, ಅಂದರೆ ಪರದೆಯಲ್ಲಿ ಬೆಕ್ಕು ಓಡಾಡುವ ಜಾಗ, 480 ಹೆಜ್ಜೆ ಅಗಲ, 360 ಹೆಜ್ಜೆ ಎತ್ತರ, ನಟ್ಟನಡುವೆ ಸೊನ್ನೆ. ಒಂದು ಕಲ್ಲಿಗೆ 60 ಹೆಜ್ಜೆ ಎಂದುಕೊಳ್ಳಿ: ಅಡ್ಡಕ್ಕೆ ಎಂಟು ಕಲ್ಲು, ಉದ್ದಕ್ಕೆ ಆರು ಕಲ್ಲು, ಸುತ್ತ ಸುಣ್ಣದ ಗೆರೆ. ನಡುವೆ ನಾಲ್ಕು ಕಲ್ಲು ಕೂಡುವ ಸಂದಿಯಲ್ಲಿ ಸೀಮೆಸುಣ್ಣದ ಚೂರು ಇಟ್ಟರೆ ಅದೇ ಸೊನ್ನೆ. ಒಬ್ಬ ಹುಡುಗಿ ಬೆಕ್ಕಾಗಿ ನಿಲ್ಲಲಿ. ‘ಎಕ್ಸ್ ಮೈನಸ್ 180, ವೈ 60’ ಎಂದು ಕೂಗಿದರೆ ಎಡಕ್ಕೆ ಮೂರು ಕಲ್ಲು, ಮೇಲಕ್ಕೆ ಒಂದು ಕಲ್ಲು ನಡೆದು ಆ ಸಂದಿಯ ಮೇಲೆ ನಿಲ್ಲಬೇಕು. ಋಣ ಸಂಖ್ಯೆಗೆ ಹೆದರುತ್ತಿದ್ದ ನನ್ನ ಮಕ್ಕಳು ವಾರದೊಳಗೆ ಕಲ್ಲು ಎಣಿಸದೆ ಓಡತೊಡಗಿದರು. ಇಪ್ಪತ್ತು ನಿಮಿಷಕ್ಕೆ ಒಳಗಿನವರು ಹೊರಗೆ, ಹೊರಗಿನವರು ಒಳಗೆ. ಒಂದು ಯಂತ್ರಕ್ಕೆ ಇಬ್ಬರೋ ಮೂವರೋ ಆಗುತ್ತಾರೆ. ಕರೆಂಟ್ ಹೋದ ದಿನ ಎಲ್ಲರೂ ಹೊರಗೆ!

ಒಳಗೆ ಏನು ಮಾಡಿಸಬೇಕು? ಪುಸ್ತಕದಲ್ಲಿನ ಬೆಕ್ಕು–ಇಲಿ ಆಟ ಬಿಟ್ಟು ನಾನು ಶರಣಬಸವೇಶ್ವರರ ಜಾತ್ರೆಯ ತೇರು ಹಿಡಿದೆ. ತೇರಿನ ಚಿತ್ರ ಮಕ್ಕಳೇ ಬಿಡಿಸಿದರು. ಆಟ ಶುರುಮಾಡುವ ಹಸಿರು ಬಾವುಟದ ಬ್ಲಾಕು, ಅದರ ಕೆಳಗೆ ಒಳಗಿದ್ದದ್ದನ್ನು ಮಾಡುತ್ತಲೇ ಇರುವ ‘ಫಾರೆವರ್’, ಅದರೊಳಗೆ ‘ಮೂವ್ 10 ಸ್ಟೆಪ್ಸ್’. ತೇರು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗಿಂತ ಜೋರಾಗಿ ಓಡಿ ಬಲಗಡೆ ಅಂಚಿಗೆ ಸಿಕ್ಕಿಕೊಂಡಿತು. ಹತ್ತನ್ನು ಒಂದು ಮಾಡಿದರು, ಹದಕ್ಕೆ ಬಂತು. ಅಂಚು ಮುಟ್ಟಿದರೆ ಹಿಂದಿರುಗಲಿ ಎಂದು ‘ಇಫ್ ಆನ್ ಎಡ್ಜ್, ಬೌನ್ಸ್’ ಸೇರಿಸಿದರು. ತೇರು ತಿರುಗಿತು, ಆದರೆ ಕಳಸ ಕೆಳಗೆ, ಗಾಲಿ ಮೇಲೆ. ‘ಅಕ್ಕೋರೇ, ತೇರು ಡಬ್ಬ ಬಿತ್ರೀ!’ ಎಂದು ಇಡೀ ಕೋಣೆ ಕೂಗಿತು. ಹಿಂದಿನ ಸಾಲಿನ ಒಬ್ಬ ಮಾತ್ರ ನಗಲಿಲ್ಲ, ‘ಹಿಂಗಾಗಬಾರದ್ರಿ, ಕೆಟ್ಟದ್ದು’ ಎಂದ.

ನನಗೂ ಉತ್ತರ ಗೊತ್ತಿರಲಿಲ್ಲ ಸರ್. ಹಾಗೇ ಹೇಳಿದೆ. ಆ ನಗದ ಹುಡುಗನೇ ನೀಲಿ ಬ್ಲಾಕುಗಳನ್ನು ಒಂದೊಂದಾಗಿ ಒತ್ತಿ ನೋಡಿ, ‘ಸೆಟ್ ರೊಟೇಶನ್ ಸ್ಟೈಲ್ ಲೆಫ್ಟ್–ರೈಟ್’ ಎಂಬುದನ್ನು ಹುಡುಕಿ ತೇರನ್ನು ನೆಟ್ಟಗೆ ನಿಲ್ಲಿಸಿದ. ಬಲಕ್ಕೆ ಮುಖ ಮಾಡಿದ್ದ ಚಿತ್ರ ಅರ್ಧ ಸುತ್ತು ತಿರುಗಿದರೆ ತಲೆಕೆಳಗಾಗಲೇಬೇಕು ಎಂಬುದು ನನಗೆ ಹೊಳೆದದ್ದು ಆಮೇಲೆ. ಕೋಡಿಂಗ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ಆದರೆ ಒಂದು ಮಾತು ಕೊಡಿ: ಮಕ್ಕಳ ಕೈಯಿಂದ ಮೌಸ್ ಕಸಿದುಕೊಳ್ಳುವುದಿಲ್ಲ ಅಂತ. ಕೈ ತುರಿಸುತ್ತದೆ, ಗೊತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುತ್ತೇನೆ.

ಎರಡನೇ ವಾರ ಇನ್ನೊಂದು ದೂರು ಬರುತ್ತದೆ: ‘ನಿನ್ನೆ ಸರಿ ಇತ್ತು, ಇವತ್ತು ತೇರು ನಡುವಿನಿಂದ ಹೊರಡ್ತದ.’ ಆಟ ನಿಂತ ಜಾಗವನ್ನೇ ಸ್ಕ್ರ್ಯಾಚ್ ನೆನಪಿಟ್ಟಿರುತ್ತದೆ. ಬಾವುಟದ ಕೆಳಗೆ ‘ಗೋ ಟು ಎಕ್ಸ್, ವೈ’ ಹಾಕಿ ಗುಡಿಯ ಮುಂದೆ ತಂದು ನಿಲ್ಲಿಸಬೇಕು. ಇದನ್ನು ನೀವು ಮೊದಲೇ ಹೇಳಿಬಿಡಬೇಡಿ, ತೇರು ದಾರಿ ತಪ್ಪಲಿ.

ಖಾತೆ ಇಲ್ಲದೆ ಮಾಡಿದ್ದು ತಾನಾಗಿ ಉಳಿಯುವುದಿಲ್ಲ. ‘ಫೈಲ್’ ಮೆನುವಿನಿಂದ ಕಂಪ್ಯೂಟರಿಗೇ ಉಳಿಸಬೇಕು. ನಮ್ಮಲ್ಲಿ ಹತ್ತು ನಿಮಿಷಕ್ಕೊಮ್ಮೆ ಡಬ್ಬಿ ಬಡಿಯಲು ಒಬ್ಬಳನ್ನು ನೇಮಿಸಿದ್ದೇವೆ. ಡಬ್ಬಿ ಸದ್ದಾದರೆ ಎಲ್ಲರೂ ಉಳಿಸುತ್ತಾರೆ. ಬೇಸಿಗೆಯಲ್ಲಿ ಕರೆಂಟಿನ ಭರವಸೆ ಎಷ್ಟೆಂದು ನಿಮಗೆ ಹೇಳಬೇಕಿಲ್ಲ.

ಖಾತೆಯ ಕೆಲಸ ಎರಡನೇ ತಿಂಗಳಿಗೆ. ಮಕ್ಕಳಿಗೆ ಬಿಡಿಬಿಡಿ ಖಾತೆ ಬೇಡ, ನೀವು ಶಿಕ್ಷಕರ ಖಾತೆಗೆ ಅರ್ಜಿ ಹಾಕಿ. ಸ್ಕ್ರ್ಯಾಚ್‌ನವರು ನೋಡಿ ಒಪ್ಪಬೇಕು, ಹಾಗಾಗಿ ಕ್ಲಾಸಿನ ಹಿಂದಿನ ರಾತ್ರಿ ಹಾಕಿ ಕಾಯಬೇಡಿ. ಒಪ್ಪಿದ ಮೇಲೆ ಒಂದು ‘ಕ್ಲಾಸ್’ ತೆರೆದು ಅದರೊಳಗೆ ವಿದ್ಯಾರ್ಥಿ ಖಾತೆಗಳನ್ನು ಮಾಡಬಹುದು. ಮಕ್ಕಳ ಇಮೇಲ್ ಬೇಕಾಗುವುದಿಲ್ಲ, ಪಾಸ್‌ವರ್ಡ್ ಮರೆತರೆ ನೀವೇ ಬದಲಿಸಿಕೊಡಬಹುದು. ಹೆಸರು, ಊರು, ಶಾಲೆ ಯಾವುದೂ ಬಳಕೆದಾರನ ಹೆಸರಿನಲ್ಲಿ ಇರಕೂಡದು. ನಮ್ಮವರು ‘ತೊಗರಿ’, ‘ಸಜ್ಜಿ’, ‘ಪುಂಡಿ’ ಎಂದು ಬೆಳೆ, ಸೊಪ್ಪುಗಳ ಹೆಸರಿಗೆ ಅಂಕಿ ಸೇರಿಸಿಕೊಂಡಿದ್ದಾರೆ. ‘ಶೇರ್’ ಒತ್ತಿದ್ದನ್ನು ಲೋಕವೆಲ್ಲ ನೋಡುತ್ತದೆ ಎಂಬುದನ್ನು ಆ ದಿನವೇ ಹೇಳಿ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮ. ಬ್ಲಾಕುಗಳ ಮೇಲಿನ ಇಂಗ್ಲಿಷ್ ಓದಲು ಮಕ್ಕಳಿಗೆ ಕಷ್ಟ. ನಾಲ್ಕನೇ ತರಗತಿಗೆ ಇದು ಹೆಚ್ಚಾಯಿತೇನೋ?
— ಶಿಕ್ಷಕಿ, ಆಳಂದ

ಉತ್ತರ: ಮಕ್ಕಳು ಬಣ್ಣ ಹಿಡಿದು ಗುರುತಿಸುತ್ತಾರೆ ಅಕ್ಕೋರೇ: ನಡೆಯುವುದು ನೀಲಿ, ಮಾತಾಡುವುದು ನೇರಳೆ, ಶುರುವಾಗುವುದು ಹಳದಿ. ನಾನು ಗೋಡೆಗೆ ರಟ್ಟಿನ ಬ್ಲಾಕು ಅಂಟಿಸಿ, ಮಕ್ಕಳು ಏನೆಂದರೋ ಅದನ್ನೇ ಬರೆದೆ. ‘ವೇಟ್ 1 ಸೆಕೆಂಡ್ಸ್’ ಎಂದರೆ ‘ಒಂದ್ ಸೆಕೆಂಡ್ ನಿಂದ್ರು’. ‘ರಿಪೀಟ್ 10’ ಎಂದರೆ ‘ಹತ್ತ್ ಸಲ ಮಾಡು’. ‘ಇಫ್’ ಎಂದರೆ ‘ಹಿಂಗಾದ್ರ’. ‘ಫಾರೆವರ್’ಗೆ ನಾನು ‘ಸದಾಕಾಲ’ ಎಂದು ಬರೆಯಹೊರಟಿದ್ದೆ. ಒಬ್ಬಳು ತಡೆದು, ‘ಹಂಗೇ ಮಾಡ್ಕೋತ ಇರು’ ಎಂದಳು. ಇದಕ್ಕಿಂತ ಸರಿಯಾದ ಅನುವಾದ ನನಗೆ ತೋಚಿಲ್ಲ. ಬೆಕ್ಕಿನ ಬಾಯಲ್ಲಿ ಆಡಿಸುವ ಮಾತನ್ನಂತೂ ಕನ್ನಡದಲ್ಲೇ ಟೈಪ್ ಮಾಡಬಹುದು.

ನಿಮ್ಮಲ್ಲಿ ನೆಟ್ ಚೆನ್ನಾಗಿದ್ದರೆ ನಾಲ್ಕನೇ ತರಗತಿಗೆ ಕೋಡಿಂಗ್ ಕಲಿಸುವ ಕೋಡ್.ಆರ್ಗ್ ತಾಣವನ್ನೂ ನೋಡಿ. ಅಲ್ಲಿ ಚಿಕ್ಕ ಮಕ್ಕಳು ಪಾಸ್‌ವರ್ಡಿನ ಬದಲು ಒಂದು ಚಿತ್ರವನ್ನು ಒತ್ತಿ ಒಳಗೆ ಹೋಗಬಹುದು. ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಎಂಬುದು ನಿಮ್ಮ ಪುಟದಲ್ಲಿ ಕಾಣುತ್ತದೆ. ಆದರೆ ಅದು ಮೆಟ್ಟಿಲು ಹತ್ತಿಸುವ ಕ್ರಮ, ತೇರು ಕಟ್ಟುವ ಸ್ವಾತಂತ್ರ್ಯ ಸ್ಕ್ರ್ಯಾಚ್‌ನಲ್ಲೇ ಹೆಚ್ಚು. ನನ್ನ ಒಲವು ಯಾವ ಕಡೆ ಎಂದು ಇಷ್ಟರಲ್ಲಿ ನಿಮಗೆ ತಿಳಿದಿರುತ್ತದೆ.

ಪ್ರಶ್ನೆ: ಮಗಳು ಆರನೇ ತರಗತಿ. ಕೋಡಿಂಗ್ ಕ್ಲಾಸಿನವರು ಫೋನ್ ಮಾಡಿ ಸಾವಿರಾರು ರೂಪಾಯಿ ಫೀ ಕೇಳುತ್ತಿದ್ದಾರೆ. ಸೇರಿಸಲೇ? ಮನೆಯಲ್ಲಿ ಒಂದು ಫೋನ್ ಮಾತ್ರ ಇದೆ.
— ಒಬ್ಬ ತಂದೆ, ಭಾಲ್ಕಿ

ಉತ್ತರ: ಬ್ಯಾಡ್ರಿ ಅಣ್ಣಾರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಸ್ಕ್ರ್ಯಾಚನ್ನು 2007ರಲ್ಲಿ ಹೊರತಂದಾಗಲೂ ಅದು ಉಚಿತ, ಈಗಲೂ ಉಚಿತ. ಎಂಟರಿಂದ ಹದಿನಾರು ವರ್ಷದವರಿಗೆಂದೇ ಮಾಡಿದ್ದು. ನಿಮ್ಮ ಮಗಳ ವಯಸ್ಸು ಸರಿಯಾಗಿದೆ. ಫೋನಿನ ಸಣ್ಣ ಪರದೆಯಲ್ಲಿ ಬೇರೆಯವರು ಮಾಡಿದ್ದನ್ನು ನೋಡಬಹುದು, ತಾನೇ ಕಟ್ಟಲು ಆಗುವುದಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿದ್ದಾರೋ ಏನೋ, ಮೊದಲು ಹೋಗಿ ಕೇಳಿ. ಬಂಧುಗಳ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಭಾನುವಾರ ಎರಡು ತಾಸು ಸಾಕು, ಮಾಡಿದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರಲಿ.