ಡೈರಿ ತುಂಬಿದೆ, ನಾನು ಬದಲಾಗಿಲ್ಲ

ಪ್ರಶ್ನೆ: ನನಗೆ 38 ವರ್ಷ. 8 ವರ್ಷದ ಮಗಳಿದ್ದಾಳೆ. ತಾಳ್ಮೆ ಇರುವ ಅಪ್ಪ ಆಗಬೇಕು ಅಂತ ಒಂದು ವರ್ಷದಿಂದ ದಿನಾ ರಾತ್ರಿ ಡೈರಿ ಬರೆಯುತ್ತಿದ್ದೇನೆ. ಮೊನ್ನೆ ಹಳೆಯ ಪುಟಗಳನ್ನು ತಿರುವಿ ಹಾಕಿದೆ. ಎಲ್ಲ ಕಡೆ ಒಂದೇ ಮಾತು: 'ಇವತ್ತೂ ಕೂಗಾಡಿದೆ. ನಾಳೆಯಿಂದ ಖಂಡಿತ ಸರಿಯಾಗಿರುತ್ತೇನೆ.' ತುಂಬಾ ನಾಚಿಕೆಯಾಯಿತು. ಬರೆಯುವುದನ್ನೇ ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ. ಬರೆಯುವ ರೀತಿ ಬದಲಿಸಿ, ಸಾಕು.

ನಿಮ್ಮ ಆ ಎರಡು ಸಾಲುಗಳನ್ನೇ ನೋಡಿ. ಮೊದಲನೆಯದು ತೀರ್ಪು, ಎರಡನೆಯದು ಆಣೆ. ನಡೆದದ್ದೇನು ಅನ್ನೋದು ಎಲ್ಲೂ ಇಲ್ಲ. ಗಂಟೆ ಎಷ್ಟಾಗಿತ್ತು? ಮಗಳು ಏನಂದಳು? ನಿಮ್ಮ ಕೈಯಲ್ಲಿ ಫೋನ್ ಇತ್ತಾ? ಒಂದು ವರ್ಷ ಬರೆದರೂ ನಿಮ್ಮ ಸಿಟ್ಟಿನ ಬಗ್ಗೆ ಡೈರಿಗೆ ಏನೂ ಗೊತ್ತಿಲ್ಲ.

ನನ್ನದೂ ಇಂಥದ್ದೇ ಕಥೆ. ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವ ಅಭ್ಯಾಸ ನನಗೆ. 'ಇನ್ನು ಮೇಲೆ ಸುಮ್ನೆ ಕೇಳಿಸಿಕೊಳ್ಳಬೇಕು' ಅಂತ ಎಷ್ಟು ಪುಟ ಬರೆದಿದ್ದೆನೋ. ಒಂದು ಸಂಜೆ ತಂಗಿ ಫೋನ್ ಮಾಡಿ, ತನ್ನ ರಕ್ತ ಪರೀಕ್ಷೆಯ ರಿಪೋರ್ಟ್ ಬಗ್ಗೆ ಹೇಳಲು ಶುರು ಮಾಡಿದಳು. ನಾನು ಪಟಪಟ ಮೂರು ಸಲಹೆ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ ಬಿಡಕ್ಕ, ಆಮೇಲೆ ಮಾತಾಡ್ತೀನಿ' ಅಂದಳು. ಆ 'ಬಿಡಕ್ಕ' ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವತ್ತು ರಾತ್ರಿ ಆಣೆ ಹಾಕಲು ಮನಸ್ಸಾಗಲಿಲ್ಲ. ನೆನಪಿದ್ದಷ್ಟನ್ನು ಅವಳು ಅಂದದ್ದು, ನಾನು ಅಂದದ್ದು ಅಂತ ಸಾಲಾಗಿ ಬರೆದೆ. ಅವಳ ಮಾತು ನಾಲ್ಕು ಸಾಲು, ನನ್ನದು ಒಂದೂವರೆ ಪುಟ! ಆಮೇಲೆ ಬಾಯಿ ಹಾಕಿದಾಗೆಲ್ಲ ಹೀಗೇ ಬರೆಯುತ್ತಾ ಹೋದೆ. ಐದಾರು ವಾರ ಕಳೆದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದಿದೆ. ಎದುರಿನವರ ದನಿ ಸಣ್ಣದಾದಾಗಲೇ ನಾನು ನುಗ್ಗುತ್ತಿದ್ದೆ. ಅವರು ಅತ್ತುಬಿಟ್ಟರೆ ಅನ್ನೋ ಭಯ ನನಗೆ. ಅದನ್ನು ತಡೆಯಲಾಗದೆ ಸಲಹೆ ಕೊಟ್ಟುಬಿಡುತ್ತಿದ್ದೆ. ಎಷ್ಟು ಆಣೆ ಹಾಕಿದ್ದರೂ ಇದು ನನಗೆ ಗೊತ್ತಾಗುತ್ತಿರಲಿಲ್ಲ.

ಕಾರಣ ಗೊತ್ತಾದ ಮೇಲೆ ಒಂದೇ ಒಂದು ಸಾಲು ಬರೆದುಕೊಂಡೆ: 'ದನಿ ಸಣ್ಣದಾದರೆ, "ಆಮೇಲೆ?" ಅಂತ ಮಾತ್ರ ಕೇಳ್ತೀನಿ.' ಇದು ನಾನು ಕಂಡುಹಿಡಿದ ಉಪಾಯವಲ್ಲ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. 'ಹೀಗಿರಬೇಕು' ಅಂದುಕೊಳ್ಳುವುದಕ್ಕಿಂತ, 'ಹೀಗಾದರೆ ಹೀಗೆ ಮಾಡ್ತೀನಿ' ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಅದು ಕೈಗೂಡುವುದು ಜಾಸ್ತಿ. ಆ ಗಳಿಗೆಯಲ್ಲಿ ಯೋಚಿಸುತ್ತಾ ನಿಲ್ಲಬೇಕಾಗಿಲ್ಲ, ಅಲ್ವಾ?

ಒಂದು ಸಲಕ್ಕೆ ಒಂದೇ ಗುಣ ಹಿಡಿಯಿರಿ. ಹಳೆಯ ಕಾಲದ ಅಮೆರಿಕದ ನಾಯಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ 13 ಗುಣಗಳನ್ನು ಆರಿಸಿಕೊಂಡು, ಪುಟ್ಟ ಪುಸ್ತಕದಲ್ಲಿ ಒಂದೊಂದಕ್ಕೆ ಒಂದೊಂದು ಪುಟ ಇಟ್ಟಿದ್ದರು. ವಾರದ 7 ದಿನಕ್ಕೆ 7 ಮನೆ, ತಪ್ಪಿದಾಗೆಲ್ಲ ಒಂದು ಕಪ್ಪು ಚುಕ್ಕೆ. ಆದರೂ ಒಂದು ವಾರಕ್ಕೆ ಒಂದೇ ಗುಣದ ಮೇಲೆ ಗಮನ. ತನ್ನಲ್ಲಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಪ್ಪುಗಳಿವೆ ಅಂತ ಅವರಿಗೆ ಆಶ್ಚರ್ಯವಾಯಿತಂತೆ. ಅವು ಕಡಿಮೆಯಾಗುವುದನ್ನು ನೋಡಿ ಸಮಾಧಾನವೂ ಆಯಿತಂತೆ. ನನಗೇನೋ ಬರೀ ಚುಕ್ಕೆ ಸಾಲದು ಅನಿಸುತ್ತದೆ. ಎಷ್ಟು ಸಲ ತಪ್ಪಿದೆ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಇನ್ನು ನಿಮ್ಮ ನಾಚಿಕೆ. ಅದನ್ನು ಹೊತ್ತುಕೊಂಡು ಹೊಸದಾಗಿ ಶುರು ಮಾಡಬೇಡಿ. ಮೊದಲ ನಾಲ್ಕು ದಿನ ತಪ್ಪುಗಳ ಸುದ್ದಿಯೇ ಬೇಡ. ಲಾರಾ ಕಿಂಗ್ ಅನ್ನುವ ಸಂಶೋಧಕಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಿದ್ಯಾರ್ಥಿಗಳು ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ, ಎಲ್ಲ ಒಳ್ಳೆಯದಾದರೆ ಮುಂದೆ ತಾವು ಹೇಗಿರುತ್ತೇವೆ ಅಂತ ಬರೆದರು. ಅವರ ಮನಸ್ಸು ಹಗುರವಾಗಿತ್ತು. ನೀವೂ ಬರೆಯಿರಿ. 'ತಾಳ್ಮೆಯ ಅಪ್ಪ' ಅಂತ ಬರೆದು ಬಿಡಬೇಡಿ. ಹೀಗೆ ಊಹಿಸಿಕೊಳ್ಳಿ: ಮಗಳಿಗೆ 15 ವರ್ಷ. ಏನೋ ದೊಡ್ಡ ತಪ್ಪು ಮಾಡಿದ್ದಾಳೆ. ಬೇರೆ ಯಾರ ಹತ್ತಿರವೂ ಹೋಗದೆ ನಿಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ನೀವು ಏನು ಮಾಡುತ್ತೀರಿ? ಎಲ್ಲಿ ಕೂರುತ್ತೀರಿ? ಮೊದಲ ಮಾತು ಏನು? ಅದನ್ನು ಬರೆಯಿರಿ.

ನಾಲ್ಕು ದಿನ ಸಾಕು. ಕನಸಿನಲ್ಲೇ ಇದ್ದುಬಿಟ್ಟರೆ ಕೆಲಸ ಸಡಿಲವಾಗುತ್ತದೆ ಅಂತ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗೆನ್ ಅವರ ಸಂಶೋಧನೆ ತೋರಿಸಿದೆ. ಐದನೇ ದಿನದಿಂದ ಆಯಾ ದಿನದ ಒಂದು ಗಳಿಗೆಯನ್ನು ನಡೆದ ಹಾಗೇ ಬರೆಯಿರಿ. ಸಿಟ್ಟು ಬಂದರೂ ಕೂಗದೇ ಇದ್ದ ದಿನವನ್ನು ತಪ್ಪದೆ ಬರೆಯಿರಿ. ಅಂಥ ದಿನಗಳು ಈ ಒಂದು ವರ್ಷದಲ್ಲೂ ಇದ್ದೇ ಇರುತ್ತವೆ. ನೀವು ಬರೆದಿಲ್ಲ, ಅಷ್ಟೇ.

ಕೊನೆಗೆ ಒಂದು ಮಾತು. ಕೂಗಾಡಿದ ದಿನ ಡೈರಿ ತೆಗೆಯುವ ಮೊದಲು ಮಗಳ ಹತ್ತಿರ ಹೋಗಿ. 'ಕೂಗಿದ್ದು ನನ್ನ ತಪ್ಪು ಪುಟ್ಟಿ' ಅನ್ನಿ. ಆಮೇಲೆ ಬಂದು ಬರೆಯಲು ಕೂತುಕೊಳ್ಳಿ. ಅವಳು ಏನಂದಳು ಅನ್ನೋದನ್ನೂ ಬರೆಯಿರಿ.