ಸಮಯ ಇಲ್ಲ ಅಂದ್ರೆ ಊಟಿಯನ್ನೇ ಬಿಡಿ, ಮೆಟ್ಟುಪಾಳ್ಯಂ ಬಿಡಬೇಡಿ

ಕಲಬುರಗಿಯಿಂದ ಅಪ್ಪನನ್ನು ನೀಲಗಿರಿ ಬೆಟ್ಟದ ರೈಲಿನ ಉಗಿ ಎಂಜಿನ್ ತೋರಿಸಲು ಕರೆದೊಯ್ತಿದ್ದೀರಿ, ಸಮಯ ಕಡಿಮೆ, ಊಟಿ–ಕೂನೂರು ಸವಾರಿ ಸಾಕಾ, ಬೆಟ್ಟದ ಬುಡದ ಮೆಟ್ಟುಪಾಳ್ಯಂನ ರೈಲು ಮ್ಯೂಸಿಯಂ ಬಿಡಬಹುದಾ ಅಂತ ಕೇಳಿದ್ದೀರಿ. ಸಾಲದು. ನಾನು ಹಾಗೇ ಮಾಡಿ ಅಪ್ಪನ ಆಸೆ ಕೆಡಿಸಿದ್ದೆ.

ನಮ್ಮಪ್ಪ ಶಹಾಬಾದಿನವರು. ಚಿಕ್ಕಂದಿನಲ್ಲಿ ವಾಡಿ ಜಂಕ್ಷನ್ನಿನಲ್ಲಿ ಕಲ್ಲಿದ್ದಲು ಎಂಜಿನ್ನಿಗೆ ನೀರು ಹಿಡಿಸೋದನ್ನು ನೋಡ್ತಾ ನಿಂತುಬಿಡ್ತಿದ್ದರಂತೆ. ನಾನು ಸುಲಭವಾಗಿ ಸಿಕ್ತು ಅಂತ ಊಟಿಯಿಂದ ಕೂನೂರಿಗೆ ಟಿಕೆಟ್ ತೆಗೆದೆ. ಅದೇ ಹಳಿ, ಅದೇ ನೀಲಿ ಡಬ್ಬಿ, ಎಂಜಿನ್ ಬೇರೆ ಇರುತ್ತೆ ಅಂತ ಹೊಳೆಯಲೇ ಇಲ್ಲ. ಮೆಟ್ಟುಪಾಳ್ಯಂನಿಂದ ಕೂನೂರಿನ ಮೇಲೆ ಊಟಿವರೆಗೆ ಆ ದಾರಿ ಒಟ್ಟು 46 ಕಿ.ಮೀ. ದಿನದ ಗಾಡಿಗೆ ಉಗಿ ಎಂಜಿನ್ ಇರೋದು ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ ಮಾತ್ರ. ಕೂನೂರಿನಲ್ಲಿ ಅದನ್ನು ಬಿಚ್ಚಿ ಡೀಸೆಲ್ ಹಚ್ಚುತ್ತಾರೆ. ಅಂದ್ರೆ ನಾನು ತೆಗೆದ ಟಿಕೆಟ್ಟಿನಲ್ಲಿ ಬರೀ ಡೀಸೆಲ್ ತುಂಡೇ ಇತ್ತು. ಟಿಕೆಟ್ ತೆಗೆಯುವಾಗ ಗಾಡಿಯ ಹೆಸರು ನೋಡಿದೆ, ಎಲ್ಲಿಂದ ಎಲ್ಲಿಗೆ ಅನ್ನೋದನ್ನು ಯೋಚಿಸಲಿಲ್ಲ, ತಪ್ಪಾಗಿದ್ದು ಅಲ್ಲೇ.

ಹಾರ್ನ್ ಆಗುತ್ತಲೇ ಅಪ್ಪ ನನ್ನ ಮುಖ ನೋಡಿದರು. "ಇದು ಡೀಸೆಲ್ ಅದ ತಮ್ಮಾ" ಅಂದರು. ಕೂನೂರು ಬರೋತನಕ ಮತ್ತೆ ಮಾತಿಲ್ಲ.

ಮರುವರ್ಷ ಹಿಂದಿನ ದಿನವೇ ಮೆಟ್ಟುಪಾಳ್ಯಂಗೆ ಹೋಗಿ ಉಳಿದೆವು. ಮ್ಯೂಸಿಯಂ ಆ ಸ್ಟೇಷನ್ನಿನಲ್ಲೇ ಇದೆ, ಅದನ್ನು ಬಿಡೋ ಮಾತೇ ಬೇಡ. ಬೆಳಿಗ್ಗೆ 7:10ರ ಗಾಡಿ. ಎಂಜಿನ್ ಮುಂದಲ್ಲ, ಹಿಂದಿನಿಂದ ದೂಡುತ್ತೆ, ಅದಕ್ಕೇ ಹಿಂದಿನ ಡಬ್ಬಿ ಒಳ್ಳೇದು. ಕಲ್ಲಾರಿನಿಂದ ಏರು ಶುರು, ಕೆಲವು ಕಡೆ 12 ಅಡಿಗೆ 1 ಅಡಿ. ಬರೀ ಗಾಲಿ ಜಾರುತ್ತೆ ಅಂತ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಹಿಡಿದು ಏರುತ್ತೆ.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರಿಗೆ ನಿಂತಾಗ ಅಪ್ಪ ಇಳಿದು ಕುಕ್ಕರುಗಾಲಲ್ಲಿ ಕೂತು ಆ ಪಟ್ಟಿಯನ್ನೇ ನೋಡಿದರು. ಎರಡು ಪಟ್ಟಿ ಅಕ್ಕಪಕ್ಕ, ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಒಂದರ ಹಿಡಿತ ಬಿಡೋಷ್ಟರಲ್ಲಿ ಇನ್ನೊಂದು ಹಿಡಿದಿರುತ್ತೆ. ಎಣ್ಣೆಜಿಡ್ಡಿನ ಕಪ್ಪು ಬೆರಳಿಗೆ ಹತ್ತಿದ್ದನ್ನು ನನಗೂ ತೋರಿಸಿದರು.

ಹೋಗೋದಾದ್ರೆ ಟಿಕೆಟ್ ಬೇಗ ತೆಗೀರಿ, ಜಾಸ್ತಿ ಸೀಟಿಲ್ಲ. ಅಕ್ಟೋಬರ್–ನವೆಂಬರ್ ಮಳೆಯಲ್ಲಿ ಮಣ್ಣು ಕುಸಿದು ಗಾಡಿ ನಿಲ್ಲೋದುಂಟು, ಆಗ ಬೇಡ. ಬೆಟ್ಟ ಹತ್ತೋ ಗಾಡಿಯನ್ನೇ ಹಿಡೀರಿ, ಎಂಜಿನ್ ಏದುಸಿರು ಬಿಡೋದು ಏರುವಾಗಲೇ. ಸಮಯ ಸಾಲದಿದ್ರೆ ಕೂನೂರಿನಲ್ಲೇ ಇಳಿದುಬಿಡಿ, ಊಟಿ ಕೆರೆ ಎಲ್ಲಿಗೂ ಹೋಗಲ್ಲ.

ನಾವೂ ಅಲ್ಲೇ ಇಳಿದೆವು. ಎಂಜಿನ್ ಬಿಚ್ಚಿ ಶೆಡ್ಡಿನ ಕಡೆ ಒಯ್ಯೋತನಕ ಅಪ್ಪ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು, ಶೇಂಗಾ ಹಿಂಡಿ ಹಚ್ಚಿದ ಖಡಕ್ ರೊಟ್ಟಿ ಕೈಯಲ್ಲೇ ಇತ್ತು.